ಬರಿಲೋಚೆ–ಒಸೊರ್ನೊ ಬಸ್ಸು, ಮತ್ತೆ ಆ ಗಡಿಗೆ ಹೆಸರು ಕೊಟ್ಟ ಕಾರ್ಡಿನಲ್ ಸಮೊರೆ

ಅರ್ಜೆಂಟೀನಾದ ಬರಿಲೋಚೆಯಿಂದ ಆಂಡಿಸ್ ಬೆಟ್ಟ ದಾಟಿ ಚಿಲಿಯ ಒಸೊರ್ನೊಗೆ ಹೋಗೋ ಹಗಲು ಬಸ್ಸಿಗೆ ನನ್ನ ಕಡೆಯಿಂದ ಐದಕ್ಕೆ ನಾಲ್ಕು. ಕಟ್ ಮಾಡಿರೋ ಒಂದು ಸ್ಟಾರ್ ಬಸ್ ಕಂಪನಿಯವ್ರ ಲೆಕ್ಕಕ್ಕೆ, ರಸ್ತೆಗೂ ಗಡಿಗೂ ಪೂರ್ತಿ ಮಾರ್ಕ್ಸ್. ಆ ಕಡೆ ಹೋಗೋ ನಮ್ಮೋರು ಸಾಮಾನ್ಯವಾಗಿ ಫ್ಲೈಟ್ ಹತ್ತಿಬಿಡ್ತಾರೆ, ಇಲ್ಲಾಂದ್ರೆ ಸರೋವರಗಳನ್ನ ಬೋಟಲ್ಲಿ ದಾಟಿಸೋ ದುಬಾರಿ ಟೂರ್ ತಗೋತಾರೆ, ಈ ಬಸ್ಸಿನ ಬಗ್ಗೆ ಕನ್ನಡದಲ್ಲಿ ಯಾರೂ ಬರೆದಿದ್ದು ನಾನಂತೂ ನೋಡಿಲ್ಲ. ಸ್ವಲ್ಪ ಉದ್ದಕ್ಕೇ ಬರೀತೀನಿ, ಯಾಕಂದ್ರೆ ಈ ಬಸ್ಸು ದಾಟೋ ಗಡಿಗೆ ಒಬ್ಬ ಸಂಧಾನಕಾರರ ಹೆಸರಿದೆ, ಅವ್ರು ಮಾಡಿದ ಕೆಲಸ ಗೊತ್ತಿಲ್ದೆ ಅಲ್ಲಿ ದಾಟಿದ್ರೆ ಅರ್ಧ ನೋಡಿದಂಗೆ.

ಮೊದ್ಲು ಬಸ್ಸು. ಡಬಲ್ ಡೆಕ್ಕರ್, ಸೀಟು ಅರ್ಧ ಹಿಂದಕ್ಕೆ ಒರಗುತ್ತೆ, ಕಾಲಿಗೆ ಜಾಗ ಧಾರಾಳ. ಬುಕ್ ಮಾಡುವಾಗ ಮೇಲಿನ ಡೆಕ್ಕಲ್ಲಿ ಎಡಗಡೆ ಕಿಟಕಿ ಕೇಳಿ. ಬರಿಲೋಚೆ ಬಿಟ್ಟ ಮೇಲೆ ನವೆಲ್ ವಾಪಿ ಸರೋವರವನ್ನ ಬಳಸ್ಕೊಂಡು ರಸ್ತೆ ಪೂರ್ವಕ್ಕೆ ಹೋಗಿ, ಲಿಮಾಯ್ ನದಿ ದಾಟಿ, ಆಮೇಲೆ ಉತ್ತರ ದಂಡೆ ಹಿಡ್ಕೊಂಡು ಪಶ್ಚಿಮಕ್ಕೆ ತಿರುಗುತ್ತೆ, ಅಷ್ಟು ದೂರಾನೂ ನೀರು ಎಡಕ್ಕೇ ಇರುತ್ತೆ. ಚಿಲಿ ಕಡೆ ಇಳಿದ ಮೇಲೆ ಪುಯೆವೆ ಸರೋವರ ಬಲಕ್ಕೆ ಬರುತ್ತೆ, ಆದ್ರೆ ಅಷ್ಟೊತ್ತಿಗೆ ಪಕ್ಕದೋರು ನಿದ್ದೆ ಮಾಡ್ತಿರ್ತಾರೆ, ಬಗ್ಗಿ ನೋಡ್ಕೋಬಹುದು. ವಿಲ್ಯ ಲಾ ಅಂಗೊಸ್ತೂರ ಅನ್ನೋ ಊರು ದಾಟಿದ ಮೇಲೆ ದಟ್ಟ ಕಾಡು, ಮೇಲಕ್ಕೆ ಹೋಗ್ತಾ ಹೋಗ್ತಾ ಎಲೆ ಇಲ್ಲದ ಬಿಳೀ ಮರಗಳು ನಿಂತಿರ್ತವೆ, 2011ರ ಜೂನಲ್ಲಿ ಪಕ್ಕದ ಪುಯೆವೆ–ಕೊರ್ದೋನ್ ಕೌಯೆ ಜ್ವಾಲಾಮುಖಿ ಸಿಡಿದಾಗ ಬೂದಿ ಬಿದ್ದು ಸತ್ತ ಮರಗಳು. ಬೂದಿ ಇವತ್ತಿಗೂ ರಸ್ತೆ ಪಕ್ಕದಲ್ಲಿ ಗುಡ್ಡೆ ಗುಡ್ಡೆಯಾಗಿ ಕಾಣುತ್ತೆ.

ಕಂಪನಿ ಹೆಸರು ಬರೆಯಲ್ಲ, ಆದ್ರೆ ತೊಂದರೆ ಹೇಳ್ಲೇಬೇಕು. ಚಾರ್ಜಿಂಗ್ ಪಾಯಿಂಟ್ ಕೆಲಸ ಮಾಡ್ತಿರ್ಲಿಲ್ಲ. ಮಾಂಸ ತಿನ್ನಲ್ಲ ಅಂತ ಟಿಕೆಟ್ ತಗೊಳ್ಳುವಾಗ್ಲೇ ಹೇಳಿದ್ರೂ ಕೊಟ್ಟ ಸ್ಯಾಂಡ್‌ವಿಚ್‌ನಲ್ಲಿ ಹ್ಯಾಮ್ ಇತ್ತು, ಬದಲಿಗೆ ಏನೂ ಇಲ್ಲ ಅಂದ್ಬಿಟ್ರು. ಗಡಿಯಲ್ಲಿ ಏನೇನು ಪೇಪರ್ ಬೇಕು ಅಂತ ಹೇಳೋ ಜವಾಬ್ದಾರಿ ಅವ್ರದ್ದು, ಸ್ಪ್ಯಾನಿಷ್ ಬರದೇ ಇರೋರಿಗೆ ಒಂದು ಸಲ ಕೈಸನ್ನೆಯಲ್ಲಾದ್ರೂ ಹೇಳ್ಬೇಕಾಗಿತ್ತು. ಟೈಮಿಗೆ ಮಾತ್ರ ಸರಿಯಾಗಿ ಹೊರಟ್ರು.

ಈಗ ಆ ಹೆಸರು. ಬೆಟ್ಟದ ತುದಿಗೆ ಸುಮಾರು 1,300 ಮೀಟರ್ ಎತ್ತರದಲ್ಲಿ ಒಂದು ಬೋರ್ಡಿದೆ, ಪಾಸೊ ಇಂಟರ್‌ನಾಸಿಯೊನಾಲ್ ಕಾರ್ದೆನಾಲ್ ಆಂಟೋನಿಯೊ ಸಮೊರೆ ಅಂತ. ಮೊದ್ಲು ಇದಕ್ಕೆ ಪುಯೆವೆ ಪಾಸ್ ಅಂತಿದ್ರು. ಎರಡು ದೇಶಗಳ ನಡುವಿನ ದಾರಿಗೆ ಎರಡೂ ದೇಶದವರಲ್ಲದ ಒಬ್ಬರ ಹೆಸರಿಡೋಕೆ ಇಬ್ರೂ ಒಪ್ಪಿದ್ದಾರೆ, ಅದೂ ಗೆದ್ದ ಜನರಲ್ ಹೆಸರಲ್ಲ, ಇಟಲಿಯ ಒಬ್ಬ ವಯಸ್ಸಾದ ಪಾದ್ರಿ ಹೆಸರು. ಸಮೊರೆ ಹುಟ್ಟಿದ್ದು 1905ರಲ್ಲಿ. 1978ರ ಕೊನೆಯಲ್ಲಿ ಅವರಿಗೆ ಆಗಷ್ಟೇ 73 ತುಂಬಿತ್ತು, ವ್ಯಾಟಿಕನ್ನಿನ ಲೈಬ್ರರಿ ಮತ್ತು ದಾಖಲೆಗಳ ಉಸ್ತುವಾರಿ ಅವ್ರ ಕೆಲಸ. ಹಿಂದೆ ಕೊಲಂಬಿಯಾದಲ್ಲಿ ಪೋಪ್ ರಾಯಭಾರಿಯಾಗಿದ್ರಿಂದ ಆ ಖಂಡದ ಜನ, ಭಾಷೆ, ಅವ್ರ ಮುನಿಸು ಎಲ್ಲ ಗೊತ್ತಿತ್ತು. ಅಂಥವ್ರನ್ನ ಕ್ರಿಸ್‌ಮಸ್ ಮಾರನೇ ದಿನ, 1978ರ ಡಿಸೆಂಬರ್ 26ಕ್ಕೆ, ಬ್ಯೂನೊಸ್ ಐರಿಸ್‌ಗೆ ಕಳಿಸಿದ್ದು ಒಂದು ಯುದ್ಧ ನಿಲ್ಸೋಕೆ.

ಜಗಳ ಈ ಬೆಟ್ಟದ್ದಲ್ಲ, ಇಲ್ಲಿಂದ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದಕ್ಷಿಣಕ್ಕೆ, ಖಂಡದ ತುತ್ತತುದಿಯಲ್ಲಿ ಬೀಗಲ್ ಚಾನೆಲ್ ಅನ್ನೋ ಕಿರಿದಾದ ಸಮುದ್ರದಾರಿಯ ಬಾಯಲ್ಲಿರೋ ಪಿಕ್ಟನ್, ನುಯೇವ, ಲೆನಕ್ಸ್ ಅನ್ನೋ ಮೂರು ದ್ವೀಪಗಳದ್ದು. ಗಾಳಿ, ಕುರಿ, ಕುರುಚಲು ಕಾಡು ಬಿಟ್ರೆ ಹೇಳ್ಕೊಳ್ಳೋಂಥದ್ದು ಅಲ್ಲೇನಿಲ್ಲ. 1881ರ ಗಡಿ ಒಪ್ಪಂದದಲ್ಲಿ ಬೀಗಲ್ ಚಾನೆಲ್‌ನ ದಕ್ಷಿಣಕ್ಕಿರೋ ದ್ವೀಪಗಳೆಲ್ಲ ಚಿಲಿಗೆ ಅಂತ ಬರೆದಿದ್ರು, ಆದ್ರೆ ಪೂರ್ವದ ಕಡೆ ಆ ಚಾನೆಲ್ ನೇರ ಹೋಗುತ್ತಾ ಇಲ್ಲಾ ದ್ವೀಪಗಳ ಮುಂಚೆನೇ ದಕ್ಷಿಣಕ್ಕೆ ತಿರುಗುತ್ತಾ ಅನ್ನೋದ್ರಲ್ಲೇ ತಕರಾರು. ನಿಜವಾದ ಭಯ ನೆಲದ್ದಲ್ಲ, ನೀರಿಂದು. ದ್ವೀಪ ಚಿಲಿಗೆ ಹೋದ್ರೆ ಅದರ ಸುತ್ತ ಸಮುದ್ರಾನೂ ಹೋಗುತ್ತೆ, ಹಾಗಾದ್ರೆ ಚಿಲಿ ಅಟ್ಲಾಂಟಿಕ್‌ಗೆ ಬಂದು ಕೂತಂಗೆ ಅಂತ ಅರ್ಜೆಂಟೀನಾದೋರಿಗೆ. ಅಟ್ಲಾಂಟಿಕ್ ನಮ್ದು ಪೆಸಿಫಿಕ್ ನಿಮ್ದು ಅನ್ನೋದು ಅವ್ರಿಗೆ ಮೂಲಮಂತ್ರ. 1958ರಲ್ಲೇ ಸ್ನೈಪ್ ಅನ್ನೋ ಚಿಕ್ಕ ಬಂಡೆ ಮೇಲೆ ಚಿಲಿ ಕಟ್ಟಿದ್ದ ದೀಪವನ್ನ ಅರ್ಜೆಂಟೀನಾ ನೌಕಾಪಡೆ ಹೊಡೆದು ಹಾಕಿತ್ತು.

ಇದಕ್ಕೆ ಮೊದ್ಲು ಕೋರ್ಟಿನ ದಾರಿ ಹಿಡಿದಿದ್ರು ಅನ್ನೋದು ಮುಖ್ಯ. 1971ರಲ್ಲಿ ಚಿಲಿಯ ಅಧ್ಯಕ್ಷ ಅಯೆಂದೆ, ಅರ್ಜೆಂಟೀನಾದ ಅಧ್ಯಕ್ಷ ಲನೂಸೆ ಇಬ್ರೂ ಒಪ್ಪಿ ಪಂಚಾಯ್ತಿಗೆ ಕೊಟ್ರು, ಹೆಸರಿಗೆ ಬ್ರಿಟನ್ ರಾಣಿ, ಕೂತು ತೀರ್ಮಾನ ಮಾಡೋದು ಅಂತಾರಾಷ್ಟ್ರೀಯ ನ್ಯಾಯಾಲಯದಿಂದ ಆರಿಸಿದ ಐದು ಜನ ಜಡ್ಜ್‌ಗಳು, ಅಮೆರಿಕ, ಬ್ರಿಟನ್, ಫ್ರಾನ್ಸ್, ನೈಜೀರಿಯಾ, ಸ್ವೀಡನ್‌ನವರು. ವರ್ಷಗಟ್ಲೆ ನಕ್ಷೆ, ಹಳೇ ಪತ್ರ, ಹಡಗಿನ ದಾಖಲೆ ಎಲ್ಲ ನೋಡಿ 1977ರ ಮೇ 2ಕ್ಕೆ ತೀರ್ಪು ಬಂತು, ಮೂರೂ ದ್ವೀಪ ಚಿಲಿಗೆ. 1978ರ ಜನವರಿ 25ಕ್ಕೆ ಅರ್ಜೆಂಟೀನಾ ಈ ತೀರ್ಪೇ ಶೂನ್ಯ ಅಂತ ಘೋಷಣೆ ಮಾಡ್ತು. ಎರಡೂ ಕಡೆ ಮಿಲಿಟರಿ ಸರ್ಕಾರ, ಅರ್ಜೆಂಟೀನಾದಲ್ಲಿ ವಿಡೇಲ, ಚಿಲಿಯಲ್ಲಿ ಪಿನೊಚೆ, ಇಬ್ರೂ ಮೆಂಡೋಸದಲ್ಲಿ ಒಂದ್ಸಲ, ಪುಯೆರ್ತೊ ಮೊಂಟ್‌ನಲ್ಲಿ ಇನ್ನೊಂದ್ಸಲ ಸೇರಿ ಮಾತಾಡಿದ್ರು, ಏನೂ ಗಿಟ್ಟಲಿಲ್ಲ. ನಮ್ಮ ಬೆಳಗಾವಿ ವಿಷಯ ಗೊತ್ತಿರೋರಿಗೆ ಇದು ಹೊಸದಲ್ಲ, ಮಹಾರಾಷ್ಟ್ರದ ಒತ್ತಾಯಕ್ಕೇ ಮಹಾಜನ್ ಆಯೋಗ ಆಯ್ತು, 1967ರಲ್ಲಿ ವರದಿ ಬಂದ ಮೇಲೆ ಅವ್ರೇ ಒಪ್ಪಲಿಲ್ಲ, ಇವತ್ತಿಗೂ ಗಲಾಟೆ ಆದಾಗೆಲ್ಲ ಮೊದ್ಲು ನಿಲ್ಲೋದು ಆ ಕಡೆ ಈ ಕಡೆ ಓಡಾಡೋ ಬಸ್ಸುಗಳೇ. ಸರಿಯಾದ ತೀರ್ಪು ಇದ್ಬಿಟ್ರೆ ಸಾಲದು, ಅದನ್ನ ಸೋತೋನು ತನ್ನ ಜನದ ಮುಂದೆ ಹೇಳ್ಕೊಳ್ಳೋ ಹಾಗಿರಬೇಕು.

ಡಿಸೆಂಬರ್ 1978ರಲ್ಲಿ ಪರಿಸ್ಥಿತಿ ಎಷ್ಟು ಕೆಟ್ಟಿತ್ತು ಅಂದ್ರೆ ಅರ್ಜೆಂಟೀನಾ ದಾಳಿಗೆ ದಿನ ಗೊತ್ತು ಮಾಡಿ ಅದಕ್ಕೆ ಆಪರೇಷನ್ ಸೊಬೆರಾನಿಯ ಅಂತ ಹೆಸರಿಟ್ಟಿತ್ತು. 12ನೇ ತಾರೀಕು ಚಿಲಿಯ ವಿದೇಶಾಂಗ ಮಂತ್ರಿ ಕುಬಿಯೋಸ್ ಬ್ಯೂನೊಸ್ ಐರಿಸ್‌ಗೆ ಹೋಗಿ ಅಲ್ಲಿಯ ಮಂತ್ರಿ ಪಾಸ್ತೋರ್ ಜೊತೆ ಪೋಪ್ ಸಂಧಾನ ಮಾಡ್ಲಿ ಅಂತ ಒಪ್ಪಂದಕ್ಕೆ ಬಂದಿದ್ರು, ಸಂಜೆ ಹೊತ್ತಿಗೆ ಜನರಲ್‌ಗಳು ಅದನ್ನ ತಳ್ಳಿಹಾಕಿದ್ರು. 22ರ ಸುಮಾರಿಗೆ ಹಡಗುಗಳು ದಕ್ಷಿಣದ ಬಿರುಗಾಳಿ ಸಮುದ್ರದಲ್ಲಿದ್ವು. ಈ ಪುಯೆವೆ ದಾರಿಯೂ ಆ ಪ್ಲಾನ್‌ನಲ್ಲಿ ಇತ್ತು ಅಂತ ಆಮೇಲೆ ಬಂದ ಬರಹಗಳಲ್ಲಿ ಓದಿದ್ದೀನಿ, ಅಂದ್ರೆ ನಾವು ಬಸ್ಸಲ್ಲಿ ಕೂತು ಫೋಟೊ ತೆಗೀತಾ ಹತ್ತಿದ ಈ ತಿರುವುಗಳಲ್ಲೇ ಸೈನ್ಯ ಹತ್ತಿ ಬರಬೇಕಾಗಿತ್ತು. ಅಕ್ಟೋಬರಲ್ಲಷ್ಟೇ ಪೋಪ್ ಆಗಿದ್ದ ಎರಡನೇ ಜಾನ್ ಪಾಲ್ ನನ್ನ ಪ್ರತಿನಿಧಿ ಕಳಿಸ್ತೀನಿ ಅಂದ್ರು, ದಾಳಿ ಶುರುವಾಗೋಕೆ ಕೆಲವೇ ಗಂಟೆ ಇದ್ದಾಗ ಅರ್ಜೆಂಟೀನಾ ಕೈ ತಡೀತು.

ಸಮೊರೆ ಬಂದೋರು ಎರಡು ರಾಜಧಾನಿಗಳ ನಡುವೆ ಓಡಾಡೋಕೆ ಶುರು ಮಾಡಿದ್ರು, ಬ್ಯೂನೊಸ್ ಐರಿಸ್, ಸಾಂತಿಯಾಗೊ, ಮತ್ತೆ ಬ್ಯೂನೊಸ್ ಐರಿಸ್. ಎರಡೂ ಊರಲ್ಲಿದ್ದ ಪೋಪ್ ರಾಯಭಾರಿಗಳು, ಪಿಯೊ ಲಾಗಿ ಮತ್ತು ಆಂಜೆಲೊ ಸೊದಾನೊ, ಮುಂಚಿನಿಂದ್ಲೇ ನೆಲ ಹದ ಮಾಡಿದ್ರು. 1979ರ ಜನವರಿ 8ಕ್ಕೆ ಮೊಂಟೆವಿಡಿಯೊದ ತರಾಂಕೊ ಅರಮನೆಯಲ್ಲಿ ಇಬ್ರೂ ಮಂತ್ರಿಗಳಿಂದ ಸಹಿ ಹಾಕಿಸಿದ್ರು. ಎರಡು ವಾರಾನೂ ಆಗಿರ್ಲಿಲ್ಲ. ಆ ಸಹಿಯಲ್ಲಿ ದ್ವೀಪ ಯಾರದ್ದು ಅನ್ನೋ ಬಗ್ಗೆ ಒಂದಕ್ಷರಾನೂ ತೀರ್ಮಾನ ಇಲ್ಲ! ಇಬ್ರೂ ಸೇರಿ ಪೋಪ್ ಸಂಧಾನ ಕೇಳ್ತೀವಿ, ಬಲ ಬಳಸಲ್ಲ, ಸೈನ್ಯವನ್ನ 1977ರ ಆರಂಭದಲ್ಲಿ ಇದ್ದ ಹಂತಕ್ಕೆ ಮೆಲ್ಲಗೆ ವಾಪಸ್ ತಗೋತೀವಿ, ಇಷ್ಟೇ.

ನಾನು ಈ ಸಂಧಾನಕ್ಕೆ ಐದಕ್ಕೆ ಐದು ಕೊಡೋದು ಇಲ್ಲಿಗೇ. ಅಣ್ತಮ್ಮಂದಿರು ಹೊಲಕ್ಕೆ ಮಚ್ಚು ಹಿಡ್ಕೊಂಡು ನಿಂತಾಗ ಬಂದ ಹಿರೀಕ ಬದು ಎಲ್ಲಿ ಹಾಕ್ಬೇಕು ಅಂತ ಶುರು ಮಾಡಿದ್ರೆ ಮುಗೀತು ಕಥೆ, ಮೊದ್ಲು ಮಚ್ಚು ಮನೇಲಿಟ್ಟು ಬನ್ನಿ ಅನ್ಬೇಕು. ಸಮೊರೆ ಮಾಡಿದ್ದೂ ಅದೇ, ಯಾರು ಸರಿ ಅಂತ ಕೇಳಕ್ಕೆ ಹೋಗ್ಲಿಲ್ಲ, ಸೈನಿಕರು ಮನೆಗೆ ಹೋಗೋ ದಾರಿ ಮೊದ್ಲು ಮಾಡಿದ್ರು. ಯಾವ ಜನರಲ್ಲೂ ಅಲ್ಲಿ ಸೋತೆ ಅಂತ ಒಪ್ಕೋಬೇಕಾಗಿರ್ಲಿಲ್ಲ, ಪೋಪ್ ಮಾತಿಗೆ ಬೆಲೆ ಕೊಟ್ವಿ ಅಂತ ಹೇಳ್ಕೊಳ್ಳೋಕೆ ಇಬ್ರಿಗೂ ಒಂದು ಮರ್ಯಾದೆಯ ದಾರಿ ಸಿಕ್ತು, ಎರಡೂ ಕ್ಯಾಥೊಲಿಕ್ ದೇಶ ಆಗಿದ್ರಿಂದ ಜನಾನೂ ಅದನ್ನ ಒಪ್ಪಿದ್ರು. ಸಂಧಾನಕಾರನಿಗೆ ಸೈನ್ಯ ಇರ್ಲಿಲ್ಲ, ಆ ದ್ವೀಪದ ಮೇಲೆ ಆಸೆ ಇರ್ಲಿಲ್ಲ, ಮಾರೋಕೆ ಶಸ್ತ್ರ ಇರ್ಲಿಲ್ಲ. ದೊಡ್ಡ ದೇಶದವ್ರು ಸಂಧಾನಕ್ಕೆ ಬಂದಾಗ ಈ ಮೂರೂ ಒಟ್ಟಿಗೆ ಸಿಗೋದು ಅಪರೂಪ.

ಆಮೇಲಿನ ಆರು ವರ್ಷ ರೋಮ್‌ನಲ್ಲಿ ನಡೆದಿದ್ದು ನಿಜಕ್ಕೂ ತಾಳ್ಮೆಯ ಕೆಲಸ. 1979ರ ಮೇನಲ್ಲಿ ಶುರುವಾಯ್ತು. ಎರಡೂ ತಂಡಗಳನ್ನ ಬೇರೆ ಬೇರೆಯಾಗಿ ಕೂರಿಸ್ಕೊಂಡು ಕೇಳೋದು, ಒಬ್ರ ಮಾತನ್ನ ಇನ್ನೊಬ್ರಿಗೆ ಕೋಪ ಇಳಿಸಿ ತಲುಪಿಸೋದು, ಮತ್ತೆ ಕೇಳೋದು. 1980ರ ಡಿಸೆಂಬರ್ 12ಕ್ಕೆ ಪೋಪ್ ತಾವೇ ಒಂದು ಪ್ರಸ್ತಾವ ಕೊಟ್ರು, ದ್ವೀಪಗಳು ಚಿಲಿಗೆ, ಹೊರಗಿನ ಸಮುದ್ರದಲ್ಲಿ ಇಬ್ರೂ ಪಾಲುದಾರರು. ಚಿಲಿ ಒಪ್ಪಿತು. ಅರ್ಜೆಂಟೀನಾ ಹೂಂ ಅನ್ಲೇ ಇಲ್ಲ. ಅಲ್ಲಿ ವಿಡೇಲ ಹೋಗಿ ವಿಯೋಲ ಬಂದ್ರು, ವಿಯೋಲ ಹೋಗಿ ಗಾಲ್ತಿಯೇರಿ ಬಂದ್ರು, ಯಾರಿಗೂ ಒಪ್ಪೋ ಧೈರ್ಯ ಇಲ್ಲ, ಪೋಪ್‌ಗೆ ಆಗಲ್ಲ ಅನ್ನೋ ಧೈರ್ಯಾನೂ ಇಲ್ಲ. 1981ರ ಏಪ್ರಿಲ್ ಕೊನೆಗೆ ಗೂಢಚಾರಿಕೆ ಬಂಧನಗಳ ಜಗಳದಲ್ಲಿ ಗಾಲ್ತಿಯೇರಿ ಗಡೀನೇ ಮುಚ್ಚಿಸಿದ್ರು, ಆಗ ಅವ್ರು ಇನ್ನೂ ಬರೀ ಸೇನಾ ಮುಖ್ಯಸ್ಥರು. 1982ರ ಏಪ್ರಿಲ್ 2ಕ್ಕೆ ಬ್ರಿಟನ್ ಜೊತೆ ಫಾಕ್‌ಲ್ಯಾಂಡ್ಸ್ ದ್ವೀಪಗಳ ಯುದ್ಧ. ಇಷ್ಟೆಲ್ಲ ಆದ್ರೂ ರೋಮ್‌ನ ಮೇಜು ಮಾತ್ರ ಎತ್ತಿಡಲಿಲ್ಲ. ಮಾತುಕತೆ ಮುರಿದಿದೆ ಅಂತ ವ್ಯಾಟಿಕನ್ ಒಂದೇ ಒಂದು ಸಲ ಘೋಷಣೆ ಮಾಡಿದ್ರೆ ಸಾಕಿತ್ತು, ಜನರಲ್‌ಗಳಿಗೆ ಬೇಕಾದ ನೆಪ ಸಿಕ್ತಿತ್ತು. ಫಲ ನೋಡೋ ಭಾಗ್ಯ ಸಮೊರೆಗೆ ಇರಲಿಲ್ಲ, 1983ರ ಫೆಬ್ರವರಿ 3ಕ್ಕೆ ತೀರ್ಕೊಂಡ್ರು. ಈ ವಿಷಯ ಓದಿದಾಗೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತೆ.

ಫಾಕ್‌ಲ್ಯಾಂಡ್ಸ್‌ನಲ್ಲಿ ಸೋತ ಮೇಲೆ ಅರ್ಜೆಂಟೀನಾದ ಮಿಲಿಟರಿ ಸರ್ಕಾರ ಬಿತ್ತು, 1983ರ ಡಿಸೆಂಬರಲ್ಲಿ ಚುನಾವಣೆ ಗೆದ್ದ ರಾವುಲ್ ಅಲ್ಫೊನ್ಸಿನ್ ಅಧಿಕಾರಕ್ಕೆ ಬಂದ್ರು. ಅವ್ರಿಗೆ ಈ ಜಗಳ ಮುಗಿಸ್ಲೇಬೇಕಿತ್ತು, ಗಡಿಯಲ್ಲಿ ಯುದ್ಧದ ಭಯ ಇರೋ ತನಕ ಸೇನೆ ಬ್ಯಾರಕ್‌ಗೆ ಹೋಗಲ್ಲ ಅನ್ನೋದು ಗೊತ್ತಿತ್ತು. ಅವ್ರು ಮಾಡಿದ ಕೆಲಸ ನೋಡಿ, ಒಪ್ಪಂದವನ್ನ ಜನರ ಮುಂದಿಟ್ರು. 1984ರ ನವೆಂಬರ್ 25ಕ್ಕೆ ಜನಮತಗಣನೆ, ಅದಕ್ಕೆ ಹತ್ತು ದಿನ ಮುಂಚೆ ವಿದೇಶಾಂಗ ಮಂತ್ರಿ ದಾಂತೆ ಕಪುತೊ ಮತ್ತು ವಿರೋಧ ಪಕ್ಷದ ಸೆನೆಟರ್ ವಿಸೆಂತೆ ಸಾದಿ ಟಿವಿಯಲ್ಲಿ ಎದುರು ಬದುರು ಕೂತು ಈ ದ್ವೀಪಗಳ ಬಗ್ಗೆ ವಾದ ಮಾಡಿದ್ರು, ದೇಶಕ್ಕೆ ದೇಶಾನೇ ನೋಡ್ತು. ಒಂದು ವರ್ಷದ ಹಿಂದೆ ತನಕ ಬಾಯಿ ಬಿಟ್ರೆ ಜನ ಕಾಣೆಯಾಗ್ತಿದ್ದ ದೇಶ ಅದು. ಶೇಕಡ 80ಕ್ಕೂ ಹೆಚ್ಚು ಮಂದಿ ಹೌದು ಅಂದ್ರು. ನವೆಂಬರ್ 29ಕ್ಕೆ ವ್ಯಾಟಿಕನ್ನಿನಲ್ಲಿ ಕಪುತೊ ಮತ್ತು ಚಿಲಿಯ ಹೈಮೆ ದೆಲ್ ವಯೆ ಶಾಂತಿ ಮತ್ತು ಸ್ನೇಹದ ಒಪ್ಪಂದಕ್ಕೆ ಸಹಿ ಹಾಕಿದ್ರು, ಸಮೊರೆ ನಂತರ ಕೆಲಸ ಮುಂದುವರಿಸಿದ್ದ ಕಾರ್ಡಿನಲ್ ಕಸರೋಲಿ ಸಮ್ಮುಖದಲ್ಲಿ. ಆಮೇಲೂ ಅರ್ಜೆಂಟೀನಾ ಸೆನೆಟ್‌ನಲ್ಲಿ ಪಾಸಾಗಿದ್ದು 23ಕ್ಕೆ 22, ಒಂದೇ ಓಟು! ಜನಮತಗಣನೆ ಇಲ್ದೇ ಹೋಗಿದ್ರೆ ಆ ಒಂದು ಓಟು ಸಿಕ್ತಿರ್ಲಿಲ್ಲ ಅಂತ ನನ್ನ ನಂಬಿಕೆ. 1985ರ ಮೇ 2ಕ್ಕೆ ಜಾರಿಗೆ ಬಂತು, ಆ ಕೋರ್ಟ್ ತೀರ್ಪು ಬಂದು ಸರಿಯಾಗಿ ಎಂಟು ವರ್ಷಕ್ಕೆ.

ಕೊನೆಗೆ ಸಿಕ್ಕಿದ್ದೇನು ಅಂದ್ರೆ, ದ್ವೀಪಗಳು ಚಿಲಿಗೇ, ಕೋರ್ಟ್ ಹೇಳಿದ ಹಾಗೇ. ಆದ್ರೆ ಆ ದ್ವೀಪಗಳ ಹೊರಗಿನ ಸಮುದ್ರದ ಬಹುಭಾಗ ಅರ್ಜೆಂಟೀನಾಗೆ, ದಕ್ಷಿಣ ತುದಿಯ ಕೇಪ್ ಹಾರ್ನ್ ರೇಖಾಂಶದ ಆ ಕಡೆ ಈ ಕಡೆ ಸಮುದ್ರ ಹಂಚಿಕೆ, ಕೇಪ್ ಹಾರ್ನ್‌ನಿಂದ ಪೂರ್ವದ ಆ ಭಾಗದಲ್ಲಿ ಪ್ರಾದೇಶಿಕ ಸಮುದ್ರದ ಹಕ್ಕು ಇವರಿಬ್ಬರ ನಡುವೆ ಮಾತ್ರ ಮೂರು ನಾಟಿಕಲ್ ಮೈಲಿಗೆ ಸೀಮಿತ, ಎರಡೂ ದೇಶದ ಹಡಗುಗಳ ಓಡಾಟಕ್ಕೆ ಸ್ಪಷ್ಟ ನಿಯಮ. ಮುಂದೆ ಜಗಳ ಬಂದ್ರೆ ಮೊದ್ಲು ಮಾತುಕತೆ, ಆಮೇಲೆ ರಾಜಿ ಆಯೋಗ, ಅದೂ ಆಗ್ಲಿಲ್ಲಾಂದ್ರೆ ಪಂಚಾಯ್ತಿ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಬರೆದಿಟ್ರು. ಜಡ್ಜ್‌ಗಳ ಮುಂದಿದ್ದ ಪ್ರಶ್ನೆ ದ್ವೀಪ ಯಾರದ್ದು ಅನ್ನೋದು, ಅದಕ್ಕೆ ಅವ್ರು ಸರಿಯಾಗೇ ಉತ್ತರ ಕೊಟ್ರು. ಅರ್ಜೆಂಟೀನಾದ ಭಯಕ್ಕೆ ಉತ್ತರ ಕೊಡೋ ಅಧಿಕಾರ ಅವ್ರಿಗೆ ಇರಲಿಲ್ಲ. ಸಂಧಾನಕ್ಕೆ ಅದಿತ್ತು.

ಗಡಿ ವಿಷಯಕ್ಕೆ ಬರ್ತೀನಿ. ಅರ್ಜೆಂಟೀನಾ ಚೆಕ್‌ಪೋಸ್ಟು ಮೊದ್ಲೇ ಬರುತ್ತೆ, ಅಲ್ಲಿ ಇಳಿದು ಪಾಸ್‌ಪೋರ್ಟಿಗೆ ಮುದ್ರೆ ಹಾಕಿಸ್ಕೊಂಡು ಮತ್ತೆ ಹತ್ತಿ, ಬೆಟ್ಟದ ತುದಿ ದಾಟಿ, ಕಾಡಲ್ಲಿ ಇಳೀತಾ ಇಳೀತಾ ಪಹಾರೀತೋಸ್ ಅನ್ನೋ ಜಾಗದಲ್ಲಿ ಚಿಲಿ ಚೆಕ್‌ಪೋಸ್ಟು. ಎರಡರ ಮಧ್ಯೆ ಸುಮಾರು 40 ಕಿಲೋಮೀಟರ್ ಬರೀ ಕಾಡು. ಚಿಲಿಯವ್ರು ಹಣ್ಣು, ತರಕಾರಿ, ಬೀಜ, ಮಾಂಸ, ಚೀಸು, ಜೇನುತುಪ್ಪದ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಅವ್ರ ತೋಟಗಳಿಗೆ ಹೊರಗಿನ ಹುಳ ಬರಬಾರದು ಅಂತ. ಎಲ್ರ ಬ್ಯಾಗನ್ನೂ ಇಳಿಸಿ ಉದ್ದ ಬೆಂಚಿನ ಮೇಲೆ ಸಾಲಾಗಿ ಇಟ್ಟು ಒಂದು ನಾಯಿ ಬಿಟ್ರು. ನನ್ನ ಬ್ಯಾಗ್ ಹತ್ರ ಬಂದು ನಾಯಿ ಕೂತ್ಬಿಡ್ತು. ಒಳಗಿದ್ದಿದ್ದು ಅಮ್ಮ ಕಟ್ಟಿಕೊಟ್ಟ ಶೇಂಗಾ ಚಟ್ನಿಪುಡಿ ಮತ್ತೆ ಹುರಿದ ಗುರೆಳ್ಳು. ಫಾರ್ಮಲ್ಲಿ ಸಸ್ಯಜನ್ಯ ಪದಾರ್ಥ ಇದೆ ಅಂತ ಮೊದ್ಲೇ ಟಿಕ್ ಹಾಕಿದ್ದೆ, ನೀವೂ ದಯವಿಟ್ಟು ಹಾಕಿ, ಹೇಳಿದ್ರೆ ದಂಡ ಇಲ್ಲ, ಮುಚ್ಚಿಟ್ರೆ ದೊಡ್ಡ ದಂಡ. ಆ ಅಧಿಕಾರಿಣಿ ಡಬ್ಬಿ ಮುಚ್ಚಳ ತೆಗೆದು ಮೂಸಿದ್ರು, ಕಣ್ಣು ಸ್ವಲ್ಪ ಅಗಲ ಆಯ್ತು, ಬೆರಳಲ್ಲಿ ಪುಡಿ ಉಜ್ಜಿ ನೋಡಿ ಪೂರ್ತಿ ಹುರಿದು ಪುಡಿ ಮಾಡಿದ್ದು ಅಂತ ಖಾತ್ರಿ ಮಾಡ್ಕೊಂಡು ಚಟ್ನಿಪುಡಿ ವಾಪಸ್ ಕೊಟ್ರು. ಗುರೆಳ್ಳು ಇಡೀ ಕಾಳು ಇದ್ದಿದ್ರಿಂದ ಹೋಯ್ತು. ನ್ಯಾಯವಾಗೇ ಹೋಯ್ತು, ನನಗೇನೂ ಬೇಜಾರಿಲ್ಲ.

ಆ ಸಾಲಲ್ಲಿ ನಿಂತಿದ್ದೋರಲ್ಲಿ ಅರ್ಧಕ್ಕರ್ಧ ಅರ್ಜೆಂಟೀನಾದವ್ರು ಶಾಪಿಂಗ್‌ಗೆ ಹೊರಟೋರು. ಬಟ್ಟೆ, ಟೈರು, ಫೋನು, ಟಿವಿ ಎಲ್ಲ ಚಿಲಿಯಲ್ಲಿ ಅಗ್ಗ ಅಂತ ಈಚಿನ ವರ್ಷಗಳಲ್ಲಿ ಬೆಟ್ಟ ದಾಟಿ ಹೋಗ್ತಾರೆ. ಖಾಲಿ ಸೂಟ್‌ಕೇಸ್ ಎಳ್ಕೊಂಡು ಬಂದಿದ್ದ ಒಬ್ಬ ಹೆಂಗಸು ಮಕ್ಕಳ ಶೂ ಸೈಜು ಬರ್ಕೊಂಡಿದ್ದ ಚೀಟಿ ತೋರಿಸಿ ನಗ್ತಿದ್ರು. ಪಕ್ಕದ ಸೀಟಲ್ಲಿ ಕೂತಿದ್ದೋರು ಒಸೊರ್ನೊ ಕಡೆಯ ಹಿರಿಯರು, ನಾನು ಫೋನಲ್ಲಿ ಅನುವಾದ ಮಾಡ್ಕೊಂಡು ಸಮೊರೆ ಬಗ್ಗೆ ಕೇಳಿದ್ದೇ ತಡ ಮಾತು ಶುರು ಮಾಡಿದ್ರು. 1978ರಲ್ಲಿ ಅವ್ರು ಕಡ್ಡಾಯ ಸೇವೆಯಲ್ಲಿದ್ದ ಹುಡುಗ, ದೂರದ ದಕ್ಷಿಣದಲ್ಲಿ ಬಯಲಲ್ಲಿ ಕಂದಕ ತೋಡ್ಕೊಂಡು ಕ್ರಿಸ್‌ಮಸ್ ಅಲ್ಲೇ ಕಳೆದ್ರಂತೆ, ಗಾಳಿಗೆ ಟೆಂಟ್ ನಿಲ್ತಿರ್ಲಿಲ್ಲವಂತೆ. ಎದುರಿಗಿದ್ದ ಹುಡುಗರೂ ನಮ್ಮ ವಯಸ್ಸಿನೋರೇ ಅಂದ್ರು. ಮೊಮ್ಮಗಳು ಈಗ ಬರಿಲೋಚೆಯಲ್ಲಿ ಅರ್ಜೆಂಟೀನಾದವನನ್ನೇ ಮದುವೆಯಾಗಿ ಇದ್ದಾಳೆ, ಅವಳನ್ನ ನೋಡ್ಕೊಂಡು ವಾಪಸ್ ಹೋಗ್ತಿದ್ರು. ಸಮೊರೆ ಹೆಸರು ಹೇಳುವಾಗ ಅವ್ರು ಟೋಪಿ ತೆಗೆದು ತೊಡೆ ಮೇಲಿಟ್ಕೊಂಡ್ರು.

ಇಷ್ಟು ಹೊಗಳಿ ಕೊರತೆ ಹೇಳ್ದೇ ಇದ್ರೆ ತಪ್ಪಾಗುತ್ತೆ. ಸಮೊರೆ ಕೈಕುಲುಕಿದ್ದು ತಮ್ಮದೇ ಜನರನ್ನ ಸಾವಿರಗಟ್ಲೆ ಕೊಂದ, ಕಾಣೆಯಾಗಿಸಿದ ಸರ್ಕಾರಗಳ ಜೊತೆ. ಗಡಿ ಸಂಧಾನ ಗಡಿಗೆ ಮಾತ್ರ ಸೀಮಿತವಾಗಿತ್ತು, ಜೈಲುಗಳ ಒಳಗೆ ಅದರ ಬೆಳಕು ಹೋಗ್ಲಿಲ್ಲ. ಯುದ್ಧ ಆಗಿದ್ರೆ ಇನ್ನೂ ಎಷ್ಟೋ ಸಾವಿರ ಹುಡುಗರು ಸಾಯ್ತಿದ್ರು ಅನ್ನೋದು ನಿಜ, ಆದ್ರೆ ಕಾಣೆಯಾದೋರ ಅಮ್ಮಂದಿರಿಗೆ ಈ ಒಪ್ಪಂದ ಏನನ್ನೂ ವಾಪಸ್ ತಂದುಕೊಡ್ಲಿಲ್ಲ, ಇದನ್ನ ಮರೆತು ಸಂಧಾನ ಹೊಗಳೋದು ನನ್ನಿಂದಾಗಲ್ಲ. ಇನ್ನೊಂದು, ಆ ದಿನಗಳ ಭಯದಲ್ಲಿ ಚಿಲಿ ಗಡಿಯುದ್ದಕ್ಕೂ ಹೂತಿದ್ದ ನೆಲಬಾಂಬುಗಳು. ಸಹಿ ಆಗಿ ದಶಕಗಳಾದ್ರೂ ಅವು ಅಲ್ಲೇ ಇದ್ವು, ಎಲ್ಲ ತೆಗೆದು ಮುಗಿದಿದ್ದು 2020ಕ್ಕೆ. ನಡುವೆ ಕೈಕಾಲು ಕಳ್ಕೊಂಡೋರಿದ್ದಾರೆ.

ಆದ್ರೆ ಒಪ್ಪಂದ ಆದ ಮೇಲೆ ಅದು ಬಾಳಿಕೆ ಬಂದಿರೋದು ನೋಡಿದ್ರೆ ಖುಷಿಯಾಗುತ್ತೆ. 1991ರಲ್ಲಿ ಅರ್ಜೆಂಟೀನಾ ಅಧ್ಯಕ್ಷ ಮೆನೆಮ್ ಮತ್ತು ಚಿಲಿ ಅಧ್ಯಕ್ಷ ಐಲ್ವಿನ್ ಉಳಿದಿದ್ದ ಎರಡು ಡಜನ್ ಗಡಿ ತಕರಾರುಗಳನ್ನ ಕೈಗೆತ್ಕೊಂಡು ಬಹುತೇಕ ಎಲ್ಲ ಮಾತಲ್ಲೇ ಮುಗಿಸಿದ್ರು. ಲಗೂನ ದೆಲ್ ದೆಸಿಯೆರ್ತೊ ಅನ್ನೋ ಜಾಗ ಪಂಚಾಯ್ತಿಗೆ ಹೋಯ್ತು, 1994ರಲ್ಲಿ ತೀರ್ಪು ಬಂತು, ಈ ಸಲ ಅರ್ಜೆಂಟೀನಾ ಗೆದ್ದಿತು, ಸೋತ ಚಿಲಿ ಮರುಪರಿಶೀಲನೆ ಕೇಳಿತು, ಅದೂ ಆಗದಿದ್ದಾಗ ಒಪ್ಕೊಂಡ್ತು. ಅದಕ್ಕೆ ಹದಿನೇಳು ವರ್ಷ ಮುಂಚೆ ಇದೇ ಎರಡು ದೇಶ ತೀರ್ಪು ಬಂದಿದ್ದಕ್ಕೆ ಯುದ್ಧಕ್ಕೆ ಹೊರಟಿದ್ವು. ದಕ್ಷಿಣದ ಹಿಮಗಡ್ಡೆ ಪ್ರದೇಶದಲ್ಲಿ ಒಂದು ಭಾಗದ ಗೆರೆ ಇನ್ನೂ ಎಳೆದಿಲ್ಲ, ಆಗಾಗ ನಕ್ಷೆಗಳ ಬಗ್ಗೆ ಕಿರಿಕಿರಿ ಪತ್ರಗಳು ಓಡಾಡ್ತವೆ, ಅಷ್ಟೇ. ಎರಡೂ ಸೇನೆ ಸೇರಿ ಕ್ರೂಸ್ ದೆಲ್ ಸೂರ್ ಅಂತ ಜಂಟಿ ಶಾಂತಿಪಾಲನಾ ಪಡೆ ಕಟ್ಟಿವೆ. 2024ರ ನವೆಂಬರಲ್ಲಿ ಒಪ್ಪಂದದ 40ನೇ ವರ್ಷಕ್ಕೆ ವ್ಯಾಟಿಕನ್ನಿನಲ್ಲಿ ಕಾರ್ಯಕ್ರಮ ಆದಾಗ ಮಾತಾಡಿದ ಪೋಪ್ ಫ್ರಾನ್ಸಿಸ್ ಸ್ವತಃ ಬ್ಯೂನೊಸ್ ಐರಿಸ್‌ನೋರು.

ಇನ್ನು ಹೋಗೋರಿಗೆ ಬೇಕಾಗಿರೋದು. ಎರಡೂ ದೇಶದ ವೀಸಾ ನಿಯಮ ಬೇರೆ ಬೇರೆ, ಆಗಾಗ ಬದಲಾಗುತ್ತೆ, ಟಿಕೆಟ್ ತಗೊಳ್ಳೋ ಮುಂಚೆ ನೋಡ್ಕೊಳ್ಳಿ, ಬಸ್ಸಿನವ್ರು ಅದನ್ನ ನೋಡಲ್ಲ, ಗಡಿಯಲ್ಲಿ ವಾಪಸ್ ಕಳಿಸಿದ್ರೆ ನಿಮ್ಮ ಪಾಡು. ಚಿಲಿಗೆ ಹೋಗುವಾಗ ಕೊಡೋ ಪ್ರವೇಶದ ಚೀಟಿ ಜೋಪಾನ. ಜೂನ್‌ನಿಂದ ಆಗಸ್ಟ್ ತನಕ ಚಳಿಗಾಲ, ಹಿಮ ಜಾಸ್ತಿ ಬಿದ್ರೆ ದಾರಿ ಮುಚ್ತಾರೆ, ಅದ್ರ ಮಾರನೇ ದಿನಕ್ಕೆ ಫ್ಲೈಟ್ ಇಟ್ಕೋಬೇಡಿ. ಡಿಸೆಂಬರ್‌ನಿಂದ ಫೆಬ್ರವರಿ ಒಳ್ಳೇ ಕಾಲ ಆದ್ರೆ ಶನಿವಾರ ಭಾನುವಾರ ಶಾಪಿಂಗ್ ಜನ ತುಂಬಿ ಗಡಿಯಲ್ಲಿ ಗಂಟೆಗಟ್ಲೆ ಸಾಲು, ಮಂಗಳವಾರ ಬುಧವಾರ ಹೋಗಿ. ಸಸ್ಯಾಹಾರಿಗಳು ಬರಿಲೋಚೆಯಲ್ಲೇ ಬ್ರೆಡ್ಡು ಚಿಪ್ಸು ಕಟ್ಕೊಂಡು ಹತ್ತಿ, ಹಣ್ಣು ತಗೊಂಡ್ರೆ ಗಡಿ ಮುಂಚೆನೇ ತಿಂದು ಮುಗಿಸಿ. ಕಾರಲ್ಲಿ ಹೋಗೋರು ಬೆಟ್ಟದ ತುದಿಯ ಬೋರ್ಡ್ ಹತ್ರ ನಿಲ್ಲಿಸಬಹುದು, ಬಸ್ಸು ಅಲ್ಲಿ ನಿಲ್ಲಲ್ಲ, ಎರಡು ನಿಮಿಷ ನಿಲ್ಲಿಸಿ ಆ ಹೆಸರು ಯಾರದ್ದು ಅಂತ ಕಂಡಕ್ಟರ್ ಹೇಳಿದ್ರೆ ಕಂಪನಿಯವ್ರಿಗೆ ನಾನು ಆ ಕಟ್ ಮಾಡಿದ ಸ್ಟಾರೂ ಕೊಡ್ತಿದ್ದೆ. ಒಸೊರ್ನೊ ಸ್ಟ್ಯಾಂಡಲ್ಲಿ ಇಳಿದ್ರೆ ಪುಯೆರ್ತೊ ಮೊಂಟ್‌ಗೆ ಬಸ್ಸು ಹಗಲೆಲ್ಲ ಸಿಗ್ತಾ ಇರುತ್ತೆ, ಮುಂಚೆ ಬುಕ್ ಮಾಡೋ ಅಗತ್ಯ ಇಲ್ಲ.